ಮನೆಯಲ್ಲೇ ಕಲಿಯೋ ಮಕ್ಕಳಿಗೆ ಸಾಗರ ಪೇಟೆಯಲ್ಲಿ ಏನೇನು ಸಿಗುತ್ತೆ? ಪೋಷಕರಿಗೂ ಅಂಗಡಿಯವರಿಗೂ ಇಲ್ಲಿದೆ ಪೂರ್ತಿ ಮಾಹಿತಿ

ಪುಸ್ತಕದಿಂದ ಪರೀಕ್ಷೆವರೆಗೆ ಯಾವ ಕೆಲಸಕ್ಕೆ ಎಲ್ಲಿ ಹೋಗಬೇಕು? ಮಗುವಿಗೆ ಕೆಲಸ ತೋರಿಸೋದಕ್ಕೂ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳೋದಕ್ಕೂ ಇರುವ ವ್ಯತ್ಯಾಸ ಏನು?

ಸಾಗರ: ಬೆಳಗ್ಗೆ ಹನ್ನೊಂದು ಗಂಟೆಗೆ ಹತ್ತು ವರ್ಷದ ಮಗು ಅಂಗಡಿಗೆ ಬಂದರೆ ನಮ್ಮ ಕಡೆ ಮೊದಲು ಕೇಳೋ ಮಾತು, ‘ಏನೋ, ಇವತ್ತು ಸ್ಕೂಲ್ ಇಲ್ವಾ?’ ಹೋಂ ಸ್ಕೂಲಿಂಗ್ ಮಾಡುವ ಮನೆಯ ಮಕ್ಕಳು ಈ ಪ್ರಶ್ನೆಗೆ ದಿನಾ ಉತ್ತರ ಕೊಡಬೇಕು. ಕೇಳುವವರದ್ದು ತಪ್ಪಲ್ಲ. ಶಾಲೆ ಬಿಟ್ಟ ಮಗು, ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿರುವ ಮಗು ಇಬ್ಬರೂ ಹೊರಗಿನವರ ಕಣ್ಣಿಗೆ ಒಂದೇ ಥರ ಕಾಣುತ್ತಾರೆ.

ಇಲ್ಲಿ ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ಸಂಜೆ ಹೋಗುವ ಟ್ಯೂಷನ್‌ಗೆ ಮನೆಪಾಠ ಅಂತೀವಿ. ಹೋಂ ಸ್ಕೂಲಿಂಗ್ ಅದಲ್ಲ. ಇಲ್ಲಿ ಮಗು ಶಾಲೆಗೇ ಸೇರಿರುವುದಿಲ್ಲ, ಕಲಿಸುವ ಪೂರ್ತಿ ಹೊಣೆ ಅಪ್ಪ ಅಮ್ಮನದು. ಕೆಲವರು ಮಗುವಿನ ಆರೋಗ್ಯದ ಕಾರಣಕ್ಕೆ, ಕೆಲವರು ಮಗುವಿಗೆ ತರಗತಿ ಹೊಂದದೆ, ಇನ್ನು ಕೆಲವರು ತೋಟ ಮನೆ ಮಾಡಿಕೊಂಡು ತಮ್ಮದೇ ರೀತಿಯಲ್ಲಿ ಕಲಿಸಬೇಕೆಂಬ ಆಸೆಯಿಂದ ಈ ದಾರಿ ಹಿಡಿಯುತ್ತಾರೆ.

ಇದಕ್ಕೆ ಬೆಂಗಳೂರಿನಲ್ಲಿ ಇರೋ ಥರ ದೊಡ್ಡ ದೊಡ್ಡ ಅಂಗಡಿ ಬೇಕು ಅನ್ನೋದು ತಪ್ಪು ತಿಳಿವಳಿಕೆ. ತಾಲ್ಲೂಕು ಕೇಂದ್ರದಲ್ಲೇ ಬಹುಪಾಲು ಸಾಮಾನು, ಸೇವೆ ಸಿಗುತ್ತದೆ. ಕಷ್ಟ ಇರುವುದು ಬೇರೆ ಕಡೆ. ಶಾಲೆ ಇದ್ದಿದ್ದರೆ ಪುಸ್ತಕ, ಲಸಿಕೆ, ಪರೀಕ್ಷೆ ಅರ್ಜಿ ಎಲ್ಲ ತಾನಾಗೇ ಆಗುತ್ತಿತ್ತು. ಶಾಲೆ ಇಲ್ಲದಾಗ ಒಂದೊಂದನ್ನೂ ನೆನಪಿಟ್ಟುಕೊಂಡು, ಒಂದೊಂದು ಬಾಗಿಲಿಗೆ ಹೋಗಿ ಕೇಳಬೇಕು. ಕೇಳದೆ ಬಿಟ್ಟರೆ ನಷ್ಟ ಮಗುವಿಗೆ.

ಮೊದಲು ಕಾಗದ ಪತ್ರ

ಅಂಗಡಿಗೆ ಹೋಗುವ ಮುಂಚೆ ಕಾನೂನು ಏನು ಹೇಳುತ್ತೆ ಅಂತ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅದರ ಗುರಿ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಪೋಷಕರಿಗೆ ಆ ಸೆಕ್ಷನ್‌ನಲ್ಲಿ ದಂಡ, ಶಿಕ್ಷೆ ಇಲ್ಲ. ಹಾಗಂತ ಹೋಂ ಸ್ಕೂಲಿಂಗ್‌ಗೆ ಬೇರೆಯಾಗಿ ಅನುಮತಿ ಕೊಡುವ, ಹೆಸರು ನೋಂದಾಯಿಸುವ ವ್ಯವಸ್ಥೆಯೂ ಕಾಯ್ದೆಯಲ್ಲಿ ಇಲ್ಲ.

ಹಾಗಾಗಿ ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರು, ಸಿಆರ್‌ಪಿ ಮನೆಗೆ ಬಂದರೆ ಜಗಳ ಮಾಡಿ ಪ್ರಯೋಜನ ಇಲ್ಲ. ಅವರು ಬರುವುದು ಕೂಲಿಗೆ ಹೋಗುತ್ತಿರುವ, ಬಾಲ್ಯವಿವಾಹಕ್ಕೆ ಸಿಕ್ಕಿರುವ ಮಕ್ಕಳನ್ನು ಹುಡುಕುವುದಕ್ಕೆ. ಮಗು ಏನು ಕಲಿಯುತ್ತಿದೆ ಅಂತ ತೋರಿಸಲು ಒಂದು ಫೈಲ್ ಸಿದ್ಧ ಇರಲಿ. ಅದರಲ್ಲಿ ಇರಬೇಕಾದ್ದು:

- ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಹುಟ್ಟಿದ ದಿನದ ದಾಖಲೆ ಇದೊಂದೇ. ಅದಕ್ಕೂ ಮುಂಚೆ ಹುಟ್ಟಿದವರಿಗೂ, ಶಾಲೆ ದಾಖಲೆ ಇಲ್ಲದಿದ್ದರೆ, ಇದೇ ಆಧಾರ.
- ಮುಂಚೆ ಶಾಲೆಯಲ್ಲಿ ಓದಿದ್ದರೆ ಟಿಸಿ ಮತ್ತು ಸ್ಯಾಟ್ಸ್ ನಂಬರ್.
- ಆಧಾರ್. ಮಗುವಿಗೆ 5 ವರ್ಷ ಆದಾಗ ಒಮ್ಮೆ, 15 ಆದಾಗ ಇನ್ನೊಮ್ಮೆ ಬೆರಳಚ್ಚು, ಕಣ್ಣಿನ ಗುರುತು ಅಪ್‌ಡೇಟ್ ಮಾಡಿಸಬೇಕು.
- ತಾಯಿ ಕಾರ್ಡ್ ಅಥವಾ ಲಸಿಕೆ ಕಾರ್ಡ್.
- ಮಗು ಬರೆದ ನೋಟ್‌ಬುಕ್, ಚಿತ್ರ, ಓದಿದ ಪುಸ್ತಕಗಳ ಪಟ್ಟಿ. ದಿನಾಂಕ ಹಾಕಿರಲಿ.

ಮುಂದೆ ಮನಸ್ಸು ಬದಲಾದರೆ ಬಾಗಿಲು ಮುಚ್ಚಿರುವುದಿಲ್ಲ. ಆರ್‌ಟಿಇ 4ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು.

ಪಠ್ಯಪುಸ್ತಕ: ದುಡ್ಡು ಕೊಡುವ ಮುಂಚೆ ಇದನ್ನು ನೋಡಿ

ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ರಾಜ್ಯ ಪಠ್ಯಕ್ರಮದ ಪುಸ್ತಕಗಳ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಎನ್‌ಸಿಇಆರ್‌ಟಿ ಪುಸ್ತಕಗಳೂ ಹಾಗೇ. ದೀಕ್ಷಾ ಆ್ಯಪ್‌ನಲ್ಲಿ ಪಾಠದ ವಿಡಿಯೊ ಇವೆ, ಪುಸ್ತಕದಲ್ಲಿರುವ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠವೇ ತೆರೆಯುತ್ತದೆ.

ಹಳೆ ಪುಸ್ತಕ ಬೇಕಾದವರು ಏಪ್ರಿಲ್, ಮೇ ತಿಂಗಳಲ್ಲೇ ಹುಡುಕಬೇಕು. ಪರೀಕ್ಷೆ ಮುಗಿದ ಮೇಲೆ ಪುಸ್ತಕಗಳೆಲ್ಲ ಗುಜರಿಗೆ ಹೋಗುವ ಹೊತ್ತು ಅದು. ಗುಜರಿಯವರಿಗೆ ಒಂದು ಮಾತು ಹೇಳಿಟ್ಟರೆ ತೂಕದ ಲೆಕ್ಕದಲ್ಲಿ ಒಳ್ಳೊಳ್ಳೆ ಪುಸ್ತಕ ಎತ್ತಿಡುತ್ತಾರೆ. ಪಠ್ಯ ಬದಲಾಗಿದೆಯಾ ಅಂತ ಮಾತ್ರ ಮುದ್ರಣದ ವರ್ಷ ನೋಡಿಕೊಳ್ಳಿ.

ಜೆರಾಕ್ಸ್ ಅಂಗಡಿ: ಏನು ಪ್ರಿಂಟ್ ಮಾಡಬಹುದು, ಏನು ಮಾಡಬಾರದು

ಮನೆಯಲ್ಲಿ ಕಲಿಸುವವರಿಗೆ ಅತಿ ಹೆಚ್ಚು ಕೆಲಸಕ್ಕೆ ಬರುವುದು ಜೆರಾಕ್ಸ್ ಅಂಗಡಿ. ಪಿಡಿಎಫ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಎರಡೂ ಬದಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿದರೆ ಒಂದು ವರ್ಷ ಬಾಳಿಕೆ ಬರುತ್ತದೆ. ಇಡೀ ಪುಸ್ತಕ ಒಟ್ಟಿಗೆ ಬೇಡ. ಒಂದು ಸಲಕ್ಕೆ ಎರಡು ಮೂರು ಪಾಠ ಸಾಕು. ಕಲರ್ ಬೇಕಾಗುವುದು ನಕ್ಷೆಗೆ, ವಿಜ್ಞಾನದ ಚಿತ್ರಕ್ಕೆ ಮಾತ್ರ.

ಕಥೆಪುಸ್ತಕಕ್ಕೆ ಇನ್ನೂ ಒಳ್ಳೆ ದಾರಿ ಇದೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಚಿತ್ರ ಸಮೇತ ಇವೆ. ಓದುವ ಹಂತಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಅವು ಮುಕ್ತ ಪರವಾನಗಿಯಲ್ಲಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಗೇ ಉಳಿಸಿಕೊಂಡು ಯಾರು ಬೇಕಾದರೂ ಪ್ರಿಂಟ್ ಮಾಡಬಹುದು, ಮಾರಲೂಬಹುದು. ಜೆರಾಕ್ಸ್ ಅಂಗಡಿಯವರು ಹತ್ತು ಕಥೆ ಪ್ರಿಂಟ್ ಮಾಡಿ, ಪಿನ್ ಹೊಡೆದು ಕೌಂಟರ್‌ನಲ್ಲಿ ಇಟ್ಟರೆ ಶಾಲೆಗೆ ಹೋಗುವ ಮಕ್ಕಳ ಮನೆಯವರೂ ತಗೊಂಡು ಹೋಗುತ್ತಾರೆ.

ಆದರೆ ಖಾಸಗಿ ಪ್ರಕಾಶಕರ ಗೈಡ್, ವರ್ಕ್‌ಬುಕ್ ಅನ್ನು ಪೂರ್ತಿ ಜೆರಾಕ್ಸ್ ಮಾಡಿ ಮಾರುವುದು 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅಪಾಯದ ಕೆಲಸ. ಸ್ವಂತ ಓದಿಗೆ ಬೇಕಾದ ಕೆಲವು ಪುಟ ಪ್ರತಿ ಮಾಡಿಸಿಕೊಳ್ಳಲು ಕಾಯ್ದೆಯಲ್ಲೇ ವಿನಾಯಿತಿ ಇದೆ. ಪಾಠಕ್ಕೆ ಬೇಕಾದ ಭಾಗಗಳನ್ನು ಪ್ರತಿ ಮಾಡಿಕೊಡುವುದು ತಪ್ಪಲ್ಲ ಅಂತ 2016ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತ್ತು. ಅದು ವಿಶ್ವವಿದ್ಯಾಲಯದೊಳಗಿನ ಜೆರಾಕ್ಸ್ ಅಂಗಡಿಯ ಕೇಸು. ಅದನ್ನೇ ಹಿಡಿದುಕೊಂಡು ಇಡೀ ಗೈಡ್ ಕಾಪಿ ಮಾಡಲು ಹೋಗಬಾರದು.

ಸೈಕಲ್ ಶಾಪ್‌ನಲ್ಲಿ ಗಣಿತ, ಹಾರ್ಡ್‌ವೇರ್ ಅಂಗಡಿಯಲ್ಲಿ ವಿಜ್ಞಾನ

ಆನ್‌ಲೈನ್‌ನಲ್ಲಿ ‘ಲರ್ನಿಂಗ್ ಕಿಟ್’ ಅಂತ ಸಾವಿರಾರು ರೂಪಾಯಿಗೆ ಮಾರುವ ಡಬ್ಬಿಯೊಳಗೆ ಇರುವುದು ಬಹುಪಾಲು ನಮ್ಮ ಪೇಟೆ ಸಾಮಾನೇ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿದೆ. ಅವರ ಹೆಸರಾದ ಆಟಿಕೆಗಳಲ್ಲಿ ಒಂದಕ್ಕೆ ಬೇಕಾಗಿರುವುದು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬ್ ಅಷ್ಟೇ. ವಾಲ್ವ್ ಟ್ಯೂಬನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಕಡ್ಡಿಗಳನ್ನು ಸಿಕ್ಕಿಸಿದರೆ ತ್ರಿಕೋನ, ಚೌಕ ಆಗುತ್ತದೆ. ಚೌಕವನ್ನು ಒತ್ತಿದರೆ ವಾಲುತ್ತದೆ, ತ್ರಿಕೋನ ಅಲ್ಲಾಡುವುದಿಲ್ಲ. ಮಾಡಿನ ಕೈಮರ ಯಾಕೆ ತ್ರಿಕೋನದಲ್ಲಿ ಕೂರಿಸುತ್ತಾರೆ ಅಂತ ಮಗುವಿಗೆ ಆಗ ತಾನಾಗೇ ಗೊತ್ತಾಗುತ್ತದೆ. (ಕಡ್ಡಿಯ ಮದ್ದು ಮೊದಲೇ ದೊಡ್ಡವರು ಕೆರೆದು ತೆಗೆದಿರಬೇಕು.)

ಹೀಗೇ ಎಲ್ಲಿ ಏನು ಕೇಳಬಹುದು ಅನ್ನೋದಕ್ಕೆ ಒಂದು ಪಟ್ಟಿ:

- ಎಲೆಕ್ಟ್ರಿಕಲ್ ಅಂಗಡಿ: ಚಿಕ್ಕ ಎಲ್‌ಇಡಿ, ವೈರ್ ತುಂಡು, ಬ್ಯಾಟರಿ ಸೆಲ್. ಪ್ರಯೋಗ ಸೆಲ್‌ನಲ್ಲಿ ಮಾತ್ರ, ಮನೆ ಪ್ಲಗ್‌ನಲ್ಲಿ ಬೇಡವೇ ಬೇಡ.
- ಟೈಲರ್: ಬಟ್ಟೆ ಚೂರು, ಹಳೆ ಅಳತೆ ಟೇಪು. ಇಂಚು, ಸೆಂಟಿಮೀಟರ್ ಎರಡೂ ಒಂದೇ ಟೇಪಿನಲ್ಲಿ ಇರುತ್ತವೆ.
- ಬಡಗಿ ಅಂಗಡಿ: ಮರದ ತುಂಡು, ಹೊಟ್ಟು.
- ಕಿರಾಣಿ: ಖಾಲಿ ರಟ್ಟಿನ ಡಬ್ಬಿ, ಬಗೆ ಬಗೆ ಕಾಳು. ತಕ್ಕಡಿ ಮೇಲಿನ ಕಾನೂನು ಮಾಪನ ಇಲಾಖೆಯ ಮುದ್ರೆ ತೋರಿಸಿದರೆ ಅದೇ ಒಂದು ಪಾಠ.
- ಪ್ರಿಂಟಿಂಗ್ ಪ್ರೆಸ್: ಕತ್ತರಿಸಿ ಉಳಿದ ಕಾಗದದ ಪಟ್ಟಿ. ಚಿತ್ರಕ್ಕೂ ರಫ್ ಕೆಲಸಕ್ಕೂ ಬೇಕಾದಷ್ಟು.

ಲೈಬ್ರರಿ: ನಾವು ತೆರಿಗೆ ಕಟ್ಟಿ ಮರೆತಿರುವ ಜಾಗ

ಮನೆ, ಅಂಗಡಿಗೆ ಕಟ್ಟುವ ಆಸ್ತಿ ತೆರಿಗೆಯಲ್ಲಿ ಗ್ರಂಥಾಲಯ ಕರವೂ ಸೇರಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಅಂದರೆ ಲೈಬ್ರರಿ ಪುಸ್ತಕಕ್ಕೆ ನಾವು ಆಗಲೇ ದುಡ್ಡು ಕೊಟ್ಟಾಗಿದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಅಂತ ಕರೆಯುತ್ತಾರೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಇಲ್ಲಿ ಉಚಿತ ಸದಸ್ಯತ್ವ ಇದೆ. ಮಗುವಿನ ಹೆಸರಲ್ಲೇ ಕಾರ್ಡ್ ಮಾಡಿಸಿ. ಕೇಂದ್ರ ತೆರೆಯುವ ಹೊತ್ತು ಒಂದೊಂದು ಊರಲ್ಲಿ ಒಂದೊಂದು ಥರ, ಅದಕ್ಕೆ ಮೇಲ್ವಿಚಾರಕರನ್ನು ಕೇಳಿಕೊಂಡು ಹೋಗುವುದು ಒಳ್ಳೆಯದು. ಬೇಕಾದ ಪುಸ್ತಕ ಇಲ್ಲದಿದ್ದರೆ ಪಂಚಾಯಿತಿಗೆ ಬರವಣಿಗೆಯಲ್ಲಿ ಕೊಡಿ.

ದೂರದ ನೆಂಟರು, ಗೆಳೆಯರಿಂದ ಪುಸ್ತಕ ತರಿಸುವವರಿಗೆ ಅಂಚೆ ಕಚೇರಿಯಲ್ಲಿ ‘ಜ್ಞಾನ ಪೋಸ್ಟ್’ ಇದೆ. 2025ರ ಮೇ 1ರಿಂದ ಶುರುವಾಗಿದೆ. ಆಗ ನಿಗದಿ ಮಾಡಿದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ವರೆಗೆ 100 ರೂಪಾಯಿ, ತೆರಿಗೆ ಬೇರೆ. ಕೊರಿಯರ್ ಬುಕ್ ಮಾಡುವ ಮುಂಚೆ ಕೌಂಟರ್‌ನಲ್ಲಿ ಇದನ್ನು ಕೇಳಿ. ಪುಸ್ತಕದ ಜೊತೆ ಪತ್ರ, ತಿಂಡಿ ಸೇರಿಸುವ ಹಾಗಿಲ್ಲ.

ಪೇಟೆಯೇ ಪಾಠ

ಅಡಿಕೆ ಮಂಡಿಯಲ್ಲಿ ಒಂದು ಗಂಟೆ ನಿಂತರೆ ಗಣಿತದ ಅರ್ಧ ಪುಸ್ತಕ ಮುಗಿಯುತ್ತದೆ. ರಾಶಿ, ಬೆಟ್ಟೆ, ಗೊರಬಲು, ಚಾಲಿ, ಸಿಪ್ಪೆಗೋಟು ಎಂದು ವಿಂಗಡಿಸುವುದು ಒಂದು ಪಾಠ. ಕ್ವಿಂಟಲ್ ದರ ನೋಡಿ ಕಿಲೋ ಲೆಕ್ಕ ಹಾಕುವುದು, ಚೀಲದ ತೂಕ ಕಳೆಯುವುದು, ಕನಿಷ್ಠ ದರ, ಗರಿಷ್ಠ ದರ, ಸರಾಸರಿ ದರದ ವ್ಯತ್ಯಾಸ ತಿಳಿಯುವುದು ಇನ್ನೊಂದು. ಮಂಡಿಯವರಿಗೆ ಮೊದಲೇ ಹೇಳಿ, ವ್ಯಾಪಾರ ಕಡಿಮೆ ಇರುವ ದಿನ ಹೋಗಬೇಕು ಅಷ್ಟೇ.

ಮಳೆಗಾಲದಲ್ಲಿ ಲಿಂಗನಮಕ್ಕಿ ನೀರಿನ ಮಟ್ಟ ದಿನಾ ಸುದ್ದಿಯಲ್ಲಿ ಬರುತ್ತದೆ. ಗರಿಷ್ಠ ಮಟ್ಟ 1819 ಅಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗು ದಿನಾ ಒಂದು ಚುಕ್ಕಿ ಹಾಕುತ್ತಾ ಹೋದರೆ ಗ್ರಾಫ್ ಅಂದರೇನು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ. ಅಲ್ಲಿಂದ ಜೋಗದ ವಿದ್ಯುತ್, ಮುಳುಗಡೆ ಊರುಗಳು, ಶರಾವತಿ ಕಥೆ ಎಲ್ಲ ತಾನಾಗಿ ಬರುತ್ತವೆ. ಮುಳುಗಡೆ ಕಂಡ ಅಜ್ಜ ಅಜ್ಜಿಯರು ಇರುವ ಮನೆಗಳಿಗೆ ಪುಸ್ತಕವೇ ಬೇಡ.

ಕೆಳದಿ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ನಾಣ್ಯ, ಹಳೆ ಕಾಗದ ಪತ್ರ ಇವೆ. ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಿಕೊಂಡು ಬಂದರೆ ನಾಯಕರ ಇತಿಹಾಸಕ್ಕೆ ಒಂದು ದಿನ ಸಾಕಾಗುವುದಿಲ್ಲ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮ ಇದೇ ಮಣ್ಣಿನವಳು ಎನ್ನುವುದು ಮಕ್ಕಳಿಗೆ ಖುಷಿ ಕೊಡುವ ವಿಷಯ.

ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಇದೆ. ಅಲ್ಲಿ ನಾಟಕ ಇರುವ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ‘ಚರಕ’ದ ಕೈಮಗ್ಗದ ಬಟ್ಟೆ, ನೈಸರ್ಗಿಕ ಬಣ್ಣದ ಕೆಲಸವೂ ಅದೇ ಊರಿನದು. ಸಾಗರದ ಗುಡಿಗಾರರ ಮರದ ಕೆತ್ತನೆ ದೇಶಕ್ಕೇ ಗೊತ್ತು. ತುಮರಿ ಭಾಗದ ಮನೆಗಳಿಗೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚ್ ಕಾಯುವ ಕೆಲಸ ತಪ್ಪಿದೆ. ಒಂದೇ ದಿನದಲ್ಲಿ ಬಂದು ಹೋಗಬಹುದು.

ಕೆಲಸ ಕಲಿಸೋದು ಬೇರೆ, ಕೆಲಸಕ್ಕೆ ಇಟ್ಟುಕೊಳ್ಳೋದು ಬೇರೆ

ಅಂಗಡಿಯವರು ಗಮನ ಕೊಟ್ಟು ಓದಬೇಕಾದ ಭಾಗ ಇದು. ‘ಹುಡುಗ ಶಾಲೆಗೆ ಹೋಗಲ್ಲ, ನಿಮ್ಮ ಹತ್ರ ಕೆಲಸ ಕಲೀಲಿ’ ಅಂತ ಯಾರಾದರೂ ಬಿಟ್ಟು ಹೋದರೆ, ಒಳ್ಳೆ ಮನಸ್ಸಿನಿಂದ ಒಪ್ಪಿಕೊಂಡವರೂ ಕೇಸಿಗೆ ಸಿಕ್ಕಿಕೊಳ್ಳಬಹುದು. ಹೋಂ ಸ್ಕೂಲಿಂಗ್ ಅನ್ನೋ ಹೆಸರಲ್ಲಿ ಮಗುವಿನ ಓದು ನಿಂತು ಹೋಗುವ ಅಪಾಯವೂ ಇಲ್ಲೇ ಇರುವುದು.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿದೆ. ಅದರ ಪ್ರಕಾರ:

- 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸಂಬಳ ಕೊಡುತ್ತಿಲ್ಲ, ಬರೀ ಊಟ ಕೊಡುತ್ತಿದ್ದೇವೆ ಅನ್ನೋದು ನೆಪ ಆಗುವುದಿಲ್ಲ.
- ಸ್ವಂತ ಮನೆಯವರ ಅಂಗಡಿ, ತೋಟದಲ್ಲಿ ಶಾಲೆ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಸಹಾಯ ಮಾಡಬಹುದು. ಅದೂ ಅಪಾಯದ ಕೆಲಸ ಆಗಿರಬಾರದು.
- 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ.
- ತಪ್ಪಿದರೆ ಮಾಲೀಕರಿಗೆ 6 ತಿಂಗಳಿಂದ 2 ವರ್ಷ ಜೈಲು ಅಥವಾ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ.

ಹಾಗಾದರೆ ಮಗುವಿಗೆ ಗ್ಯಾರೇಜ್, ಕೆತ್ತನೆ, ಟೈಲರಿಂಗ್ ತೋರಿಸೋದೇ ತಪ್ಪಾ? ಅಲ್ಲ. ಅಪ್ಪನೋ ಅಮ್ಮನೋ ಜೊತೆಗೆ ಇರಬೇಕು. ಒಂದು ಗಂಟೆ ನೋಡಿ, ಕೇಳಿ, ಬರೆದುಕೊಂಡು ಹೋಗಬೇಕು. ಗಿರಾಕಿಗೆ ಸಾಮಾನು ಕೊಡೋದು, ಅಂಗಡಿ ಗುಡಿಸೋದು, ಹೊರೆ ಎತ್ತೋದು ಮಗುವಿನ ಕೈಲಿ ಮಾಡಿಸಬಾರದು. ಮಗು ಹೋದ ಮೇಲೆ ಅಂಗಡಿ ಕೆಲಸ ನಿಂತಿತು ಅಂತಾದರೆ ಅದು ಪಾಠ ಅಲ್ಲ, ದುಡಿಮೆ. ದಿನಾ ಒಂದೇ ಅಂಗಡಿಯಲ್ಲಿ ದುಡಿಯುತ್ತಿರುವ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಶಾಲೆ ಬಿಟ್ಟರೆ ತಪ್ಪಿ ಹೋಗುವ ಸವಲತ್ತು

ಸರ್ಕಾರಿ ಶಾಲೆಯ ಬಿಸಿಯೂಟ, ಹಾಲು, ಸಮವಸ್ತ್ರ, ಶೂ ಇವೆಲ್ಲ ದಾಖಲಾತಿ ಇರುವ ಮಕ್ಕಳಿಗೆ. ಅದನ್ನು ಬಿಟ್ಟುಕೊಟ್ಟೇ ಹೊರಬರಬೇಕು. ಆದರೆ ಕೇಳಿ ಪಡೆಯಬಹುದಾದ್ದು ಕೆಲವು ಇವೆ.

ಲಸಿಕೆ: 10 ವರ್ಷಕ್ಕೆ ಒಂದು, 16 ವರ್ಷಕ್ಕೆ ಒಂದು ಟಿಡಿ ಚುಚ್ಚುಮದ್ದು ಇದೆ. ಶಾಲೆಗೆ ಬಂದು ಹಾಕುವಾಗ ಮನೆ ಮಕ್ಕಳು ತಪ್ಪಿಹೋಗುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ತಿರ ಹೇಳಿಟ್ಟರೆ ಉಚಿತವಾಗಿ ಸಿಗುತ್ತದೆ.

ಜಂತುಹುಳು ಮಾತ್ರೆ: 1ರಿಂದ 19 ವರ್ಷದವರಿಗೆ ಕೊಡುತ್ತಾರೆ. ಶಾಲೆಗೆ ಹೋಗದ ಮಕ್ಕಳು ಅಂಗನವಾಡಿಯಲ್ಲಿ ಪಡೆಯಬಹುದು.

ಬಸ್: ವಿದ್ಯಾರ್ಥಿ ಪಾಸ್‌ಗೆ ಶಾಲೆಯ ದಾಖಲೆ ಬೇಕು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಗಂಡುಮಕ್ಕಳಿಗೆ 12 ವರ್ಷದವರೆಗೆ ಅರ್ಧ ಟಿಕೆಟ್, ಆಮೇಲೆ ಪೂರ್ತಿ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ ಆದ್ದರಿಂದ ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಹತ್ತನೇ ಕ್ಲಾಸ್ ಬಂದಾಗ

ಎಷ್ಟೇ ಚೆನ್ನಾಗಿ ಕಲಿತರೂ ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಇಲ್ಲದಿದ್ದರೆ ಪಿಯುಸಿ, ಐಟಿಐ, ಡಿಪ್ಲೊಮಾ ಯಾವುದೂ ಇಲ್ಲ. ಮುಖ್ಯವಾಗಿ ಎರಡು ದಾರಿ ಇವೆ.

ಒಂದು, ಎನ್‌ಐಒಎಸ್ ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. 10ನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಕನಿಷ್ಠ 5 ವಿಷಯ. ವರ್ಷಕ್ಕೆ ಎರಡು ಸಲ ಪರೀಕ್ಷೆ, 5 ವರ್ಷದಲ್ಲಿ 9 ಅವಕಾಶ. ಪಾಸಾದ ವಿಷಯ ಹಾಗೇ ಉಳಿಯುತ್ತದೆ, ಉಳಿದದ್ದನ್ನು ಮುಂದೆ ಬರೆಯಬಹುದು. ಟಿಎಂಎ ಎಂಬ ಬರವಣಿಗೆ ಕೆಲಸಕ್ಕೆ ಶೇ 20 ಅಂಕ ಇದೆ, ಅದರ ಕೊನೆ ದಿನಾಂಕ ತಪ್ಪಿಸಿಕೊಳ್ಳಬೇಡಿ. ಚಿಕ್ಕ ಮಕ್ಕಳಿಗೆ ಇದರಲ್ಲೇ ಎ, ಬಿ, ಸಿ ಎಂಬ ಹಂತಗಳಿವೆ. ಅವು 3, 5, 8ನೇ ತರಗತಿಗೆ ಸಮ. ಅರ್ಜಿ ಹಾಕುವ ಮುಂಚೆ ಅಧ್ಯಯನ ಕೇಂದ್ರ ಮತ್ತು ಪರೀಕ್ಷಾ ಕೇಂದ್ರ ಎಲ್ಲಿ ಸಿಗುತ್ತದೆ ಅಂತ ನೋಡಿ. ಪ್ರಾಯೋಗಿಕ ಪರೀಕ್ಷೆ ಇರುವ ವಿಷಯಕ್ಕೆ ಓಡಾಟ ಜಾಸ್ತಿ.

ಇನ್ನೊಂದು, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ. ಕನ್ನಡ ಮಾಧ್ಯಮದಲ್ಲಿ, ರಾಜ್ಯದ ಪಠ್ಯದಲ್ಲೇ ಓದಿದವರಿಗೆ ಇದು ಹತ್ತಿರದ ದಾರಿ. ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ವಯಸ್ಸಿನ ಷರತ್ತು, ಅರ್ಜಿ ಹಾಕುವ ಅವಧಿ ಎರಡೂ ಪ್ರಕಟಣೆಯಲ್ಲಿ ಬರುತ್ತದೆ. ಬಿಇಒ ಕಚೇರಿಯಲ್ಲಿ ಒಂದು ವರ್ಷ ಮುಂಚೆಯೇ ಹೋಗಿ ಕೇಳಿದರೆ ಕೊನೆ ಗಳಿಗೆಯ ಗಡಿಬಿಡಿ ಇರುವುದಿಲ್ಲ.

ಯಾವ ದಾರಿ ಹಿಡಿದರೂ ಮಗುವಿಗೆ 12 ವರ್ಷ ಆಗುವಷ್ಟರಲ್ಲಿ ತೀರ್ಮಾನ ಮಾಡಿರಬೇಕು. ಮುಂದೆ ಸೇರಬೇಕೆಂದಿರುವ ಪಿಯು ಕಾಲೇಜಿನಲ್ಲಿ ಬೇರೆ ಬೋರ್ಡಿನವರಿಗೆ ಯಾವ ದಾಖಲೆ ಕೇಳುತ್ತಾರೆ ಅಂತಲೂ ಮೊದಲೇ ತಿಳಿದುಕೊಳ್ಳಿ.

ಅಂಗಡಿಯವರು ಏನು ಮಾಡಬಹುದು?

ದುಡ್ಡು ಖರ್ಚಿಲ್ಲದ ನಾಲ್ಕು ಕೆಲಸ:

1. ಜೆರಾಕ್ಸ್, ಸ್ಟೇಷನರಿಯವರು ಪುಟದ ದರ, ಬೈಂಡಿಂಗ್ ದರ ಬೋರ್ಡ್ ಹಾಕಿ. ಮಗು ಒಂದೇ ಬಂದರೂ ಲೆಕ್ಕ ಹಾಕಿಕೊಂಡು ಕೊಡುತ್ತದೆ.
2. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು ಯಾವುದು ಅಂತ ಪೋಷಕರಿಗೆ ಹೇಳಿ. ಆಗ ಬಂದರೆ ಇಬ್ಬರಿಗೂ ಅನುಕೂಲ.
3. ರಟ್ಟು, ಬಟ್ಟೆ ಚೂರು, ಮರದ ತುಂಡು ಬಿಸಾಡುವ ಮುಂಚೆ ಒಂದು ಚೀಲದಲ್ಲಿ ಹಾಕಿಡಿ. ಹತ್ತಿರದ ಸರ್ಕಾರಿ ಶಾಲೆಗೂ ಅದು ಬೇಕು.
4. ‘ಸ್ಕೂಲ್ ಇಲ್ವಾ?’ ಅಂತ ಖಂಡಿತ ಕೇಳಿ. ಬಯ್ಯುವ ದನಿಯಲ್ಲಿ ಬೇಡ ಅಷ್ಟೇ. ‘ಮನೇಲಿ ಯಾರು ಹೇಳಿಕೊಡ್ತಾರೆ, ಈಗ ಏನು ಓದ್ತಿದೀಯ?’ ಅಂತ ಇನ್ನೊಂದು ಪ್ರಶ್ನೆ ಸೇರಿಸಿ.

ಆ ಎರಡನೇ ಪ್ರಶ್ನೆಗೆ ನಿಜವಾಗಿ ಮನೆಯಲ್ಲಿ ಕಲಿಯುತ್ತಿರುವ ಮಗು ನಿಂತಲ್ಲೇ ಹತ್ತು ನಿಮಿಷ ಮಾತಾಡುತ್ತದೆ. ಉತ್ತರವೇ ಬಾರದ ಮಗುವಿದ್ದರೆ, ಆ ಮಗುವಿನ ಬಗ್ಗೆ ಯಾರಾದರೂ ವಿಚಾರಿಸಬೇಕಾಗಿದೆ ಅಂತ ಅರ್ಥ. ದಿನಾ ಕೌಂಟರ್ ಹಿಂದೆ ಕೂತು ಪೇಟೆ ನೋಡುವ ಅಂಗಡಿಯವರಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.